ಬಂದ ಅಂಕೆಯನ್ನೇ ಬರೆ

ಮಗಾ, ಕಳಸದ ತೋಟ ಬಿಟ್ಟು ಜಿಗಣಿಯ ಔಷಧ ಕಾರ್ಖಾನೆಯ ಲ್ಯಾಬ್ ಸೇರಿದೆ. ವಾರದೊಳಗೆ, ಮಾತ್ರೆಯಲ್ಲಿ ಮದ್ದೆಷ್ಟಿದೆ ಅಂತ ಅಳೆಯುವ ಎಚ್‌ಪಿಎಲ್‌ಸಿ ಮೆಷಿನ್ ಓಡಿಸೋದು ಕಲಿತೆ ಅಂತ ಫೋನಿನಲ್ಲಿ ಕುಣಿದಾಡಿದೆ. ಕಲಿತಿರುತ್ತೀಯ, ನಿನ್ನ ಕೈ ಚುರುಕು ಅಂತ ನನಗೆ ಗೊತ್ತಿಲ್ಲವಾ? ಗುಂಡಿ ಒತ್ತೋದು ವಾರದ ಕೆಲಸ. ಅದು ಕೊಟ್ಟ ಅಂಕೆಗೆ ಸಹಿ ಹಾಕೋದು ಬೇರೆಯೇ ಕೆಲಸ ಮಾರಾಯ. ಅಂಥ ಲ್ಯಾಬುಗಳಲ್ಲೇ ತಲೆ ನೆರೆಸಿಕೊಂಡವನು ಹೇಳ್ತಿದ್ದೇನೆ, ಕೇಳು.

ತಲೆನೋವಿನ ಕೆಲವು ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆ ಕೆಫೀನ್ ಇರುತ್ತದೆ. ನಮ್ಮ ಅರೇಬಿಕಾ ಕಾಫಿಯಲ್ಲಿ ನೂರಕ್ಕೆ ಒಂದು ಚಿಲ್ಲರೆ, ರೊಬಸ್ಟಾದಲ್ಲಿ ಸುಮಾರು ಎರಡರಷ್ಟು ಇರುವ ಅದೇ ಕೆಫೀನ್. ಪ್ಯಾರಸಿಟಮಾಲ್, ಕೆಫೀನ್ ಎರಡೂ ಅತಿನೇರಳೆ ಬೆಳಕನ್ನು ಹೀರುತ್ತವೆ. ಹಾಗಾಗಿ ಒಟ್ಟಿಗಿಟ್ಟು ಅಳೆದರೆ ಯಾವುದೆಷ್ಟು ಅಂತ ತಿಳಿಯೋದಿಲ್ಲ. ಅವನ್ನು ಬೇರೆ ಮಾಡೋಕೇ ಕಾಲಮ್ಮು. ನೀರು-ಮೆಥನಾಲ್ ಹರಿವಿನಲ್ಲಿ ಸಿ18 ಕಾಲಮ್ಮಿನೊಳಗೆ ಕಳಿಸಿದರೆ ಪ್ಯಾರಸಿಟಮಾಲ್ ಬೇಗ ಹೊರಬರುತ್ತದೆ, ಕೆಫೀನ್ ಸ್ವಲ್ಪ ಹೊತ್ತು ಒಳಗೆ ಅಂಟಿಕೊಂಡು ಆಮೇಲೆ ಬರುತ್ತದೆ. ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್‌ನ ಪೀಕ್, ಅಂದರೆ ಮೆಷಿನ್ ಗೀಚುವ ಗುಡ್ಡದಂಥ ಗೆರೆಯ ಪಕ್ಕ ನಿನ್ನ ಪೀಕ್ ಇಟ್ಟು ವಿಸ್ತೀರ್ಣ ಹೋಲಿಸೋದು, ಅಷ್ಟೇ. ಕಾಫಿಬೀಜದ ಕೆಫೀನ್ ಅಳೆಯಲು ಐಎಸ್‌ಒ 2008ರಲ್ಲಿ ತಂದ ವಿಧಾನವೂ ಇದೇ ಮೆಷಿನ್ನಿನದು.

ಆದರೆ ನೀನು ಒಳಗೆ ಏನು ಹಾಕಿದೆ ಅಂತ ಮೆಷಿನ್ ಕೇಳೋದಿಲ್ಲ. ನಿನ್ನಪ್ಪ ಕಾಫಿ ಚೆರ್ರಿ ಮಾರುವಾಗ ನೋಡಿಲ್ಲವಾ? 50 ಕೆಜಿ ಮೂಟೆಗೆ ಸಿಪ್ಪೆ ಕಳೆದು ಸಿಗುವ ಬೀಜ, ಅಂದರೆ ಔಟ್‌ಟರ್ನ್ ಎಷ್ಟು ಅಂತ ನೋಡಿಯೇ ವ್ಯಾಪಾರಿ ರೇಟು ಕಟ್ಟೋದು. ಮೇಲಿನ ಒಂದು ಹಿಡಿ ತೆಗೆದು ಲೆಕ್ಕ ಹಾಕಿದರೆ ನಿನ್ನಪ್ಪ ಸುಮ್ಮನಿರ್ತಾನಾ? ಚೀಲ ಚೀಲಕ್ಕೂ ಕೈ ಹಾಕಿಸಿ, ಎಲ್ಲ ಬೆರೆಸಿಯೇ ಬಿಡೋದು. ಲ್ಯಾಬಿನಲ್ಲಿ 20 ಮಾತ್ರೆ ತೂಗಿ, ನುಣ್ಣಗೆ ಅರೆದು, ಅದರಲ್ಲಿ ಒಂದು ಪಾಲು ತೆಗೆದುಕೋ ಅನ್ನೋದೂ ಅದಕ್ಕೇ. ನೀನು ಅರ್ಧಂಬರ್ಧ ಅರೆದು, ತಕ್ಕಡಿಯ ಬಾಗಿಲು ತೆರೆದಿಟ್ಟೇ ತೂಗಿ, ಪುಡಿ ಪೂರ್ತಿ ಕರಗುವ ಮೊದಲೇ ಫಿಲ್ಟರ್ ಮಾಡುವ ಪೈಕಿ. ಅವಸರದ ಹುಡುಗ! ಆಗ ಮೆಷಿನ್ ದಶಾಂಶ ಬಿಂದುವಿನ ಆಚೆಗೂ ನಾಲ್ಕು ಅಂಕೆ ಕೊಡುತ್ತದೆ, ನಾಲ್ಕೂ ಸುಳ್ಳು.

ಇನ್ನು ನಿಜವಾದ ಪರೀಕ್ಷೆ ನಿನ್ನದು. ಪ್ಯಾರಸಿಟಮಾಲ್ ಮಾತ್ರೆಯ ಮಿತಿ ನೂರಕ್ಕೆ 95ರಿಂದ 105. ಅಂದರೆ 500 ಮಿಗ್ರಾಂ ಮಾತ್ರೆಯಲ್ಲಿ 475ಕ್ಕಿಂತ ಕಡಿಮೆ ಇರಬಾರದು. ಒಂದು ಸಂಜೆ 94.6 ಬರುತ್ತದೆ. ಹೊರಗೆ ಲಾರಿ ನಿಂತಿರುತ್ತದೆ, ಮೇಲಿನವರು ಬಾಗಿಲಲ್ಲಿ ಇಣುಕುತ್ತಾರೆ. ಇನ್ನೊಂದು ಸಲ ಇಂಜೆಕ್ಟ್ ಮಾಡೋಣ, ಪೀಕಿನ ಬುಡದ ಗೆರೆ ಚೂರು ಕೆಳಗೆ ಎಳೆಯೋಣ ಅಂತ ಬೆರಳು ತುರಿಸುತ್ತದೆ. ಆಗ ಕೈ ಕಟ್ಟಿ ಕೂರು. ತೂಕದ ಚೀಟಿ ನೋಡು, ಫ್ಲಾಸ್ಕ್ ನೋಡು, ಪಂಪಿನಲ್ಲಿ ಗುಳ್ಳೆ ಸೇರಿತ್ತಾ ನೋಡು. ಲ್ಯಾಬಿನದೇ ತಪ್ಪು ಸಿಕ್ಕಿತಾ? ಬರೆದಿಟ್ಟು, ಮೇಲಿನವರಿಗೆ ತಿಳಿಸಿ, ಆಮೇಲೆ ಮತ್ತೆ ಮಾಡು. ಸಿಗಲಿಲ್ಲವಾ? ಹಾಗಾದರೆ 94.6 ಆ ಮಾತ್ರೆಯದೇ. ಬೇಕಾದ ಅಂಕೆ ಬರುವ ತನಕ ಪರೀಕ್ಷೆ ಮಾಡ್ತಾ ಹೋಗೋದು ಸಲ್ಲದು ಅಂತ ಅಮೆರಿಕದ ನ್ಯಾಯಾಲಯ 1993ರಲ್ಲೇ ಬಾರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಮೊಕದ್ದಮೆಯಲ್ಲಿ ಹೇಳಿದೆ. ನೀನು ಅಳಿಸಿದ್ದು, ಎಳೆದಿದ್ದು ಎಲ್ಲವನ್ನೂ ಈಗಿನ ಸಾಫ್ಟ್‌ವೇರ್ ಹೊತ್ತು ಗಳಿಗೆ ಸಮೇತ ಬರೆದಿಡುತ್ತದೆ. ಆದರೆ ಸಿಕ್ಕಿಬೀಳುವ ಹೆದರಿಕೆಗೆ ಅಲ್ಲ ನಾನು ಹೇಳ್ತಿರೋದು. ಆ ಮಾತ್ರೆಯನ್ನು ಮೂಡಿಗೆರೆಯ ಮೆಡಿಕಲ್ ಶಾಪಿನಲ್ಲಿ ತೋಟದಾಳು ದಿನದ ಕೂಲಿಯಲ್ಲಿ ಕೊಳ್ಳುತ್ತಾನೆ. ಜ್ವರದಲ್ಲಿರುವ ಮಗುವಿಗೆ ಅಂತ. ಅವನ ಹತ್ತಿರ ಮೆಷಿನ್ ಇಲ್ಲ, ನೀನಿದ್ದೀಯ.

ಮತ್ತೊಂದು. ಶುಕ್ರವಾರ ಸಂಜೆ ಕಳಸದ ಬಸ್ಸು ಹಿಡಿಯುವ ತರಾತುರಿಯಲ್ಲಿ, ಕೆಲವು ಪರೀಕ್ಷೆಗೆ ನೀರಿನ ಬದಲು ಹರಿಸುವ ಫಾಸ್ಫೇಟ್ ಬಫರನ್ನು ಕಾಲಮ್ಮಿನಲ್ಲೇ ಬಿಟ್ಟು ಬರಬೇಡ. ನೇರ ಮೆಥನಾಲ್ ಸುರಿದರೂ ಬಫರಿನ ಉಪ್ಪು ಹರಳುಗಟ್ಟಿ ಪಂಪು ಕಟ್ಟುತ್ತದೆ. ಮೊದಲು ಹೆಚ್ಚು ನೀರು, ಚೂರು ಮೆಥನಾಲ್ ಬೆರೆಸಿ ಅರ್ಧ ಗಂಟೆ ಹರಿಸು, ಆಮೇಲೆ ಮೆಥನಾಲ್ ಹಾಕು. ಬಸ್ಸು ತಪ್ಪಿದರೆ ಶನಿವಾರ ಬೆಳಗ್ಗೆ ಬಾ. ಅಕ್ಕಿರೊಟ್ಟಿ ಇರುತ್ತದೆ.