ಆ ಒಂದು ರಾತ್ರಿ ಹೊರಡಬೇಡಿ

ಜಾಲ್ಸೂರು, ಅಡ್ಕಾರು, ಕನಕಮಜಲು, ಮಂಡೆಕೋಲಿನ ಮಕ್ಕಳೇ,

ತಾಳಮದ್ದಳೆಯಲ್ಲಿ ಅಶ್ವತ್ಥಾಮನ ಅರ್ಥ ಹೇಳುವವರಿಗೆ ಚಪ್ಪಾಳೆ ಬೀಳುವುದು ಪ್ರತಿಜ್ಞೆಯ ಮಾತಿಗೆ. ತೊಡೆ ಮುರಿದು ಬಿದ್ದ ಕೌರವನ ಮುಂದೆ ನಿಂತು, ಬೆಳಗಾಗುವುದರೊಳಗೆ ಪಾಂಡವರನ್ನು ಮುಗಿಸುತ್ತೇನೆ ಎಂದು ಅವನು ಗುಡುಗುವಾಗ ಮೈ ಜುಮ್ಮೆನ್ನುತ್ತದೆ. ಚಪ್ಪಾಳೆ ತಟ್ಟಿ, ತಪ್ಪಿಲ್ಲ. ಆದರೆ ಅಲ್ಲಿಗೇ ಎದ್ದು ಹೋಗಬೇಡಿ, ಮುಂದಿನ ಕಥೆಯನ್ನೂ ಕೇಳಿ.

ಅಶ್ವತ್ಥಾಮ ಹುಟ್ಟಾ ಕೆಟ್ಟವನಲ್ಲ. ಅವನ ದುಃಖ ನಿಜವಾದದ್ದು. ಮಗ ಸತ್ತನೆಂಬ ಸುಳ್ಳು ಸುದ್ದಿ ನಂಬಿ ತಂದೆ ದ್ರೋಣ ಶಸ್ತ್ರ ಕೆಳಗಿಟ್ಟ. ಹಾಗೆ ಕುಳಿತವನ ತಲೆಯನ್ನು ಧೃಷ್ಟದ್ಯುಮ್ನ ಕಡಿದ. ಅಶ್ವತ್ಥಾಮನ ನಿಷ್ಠೆಯೂ ನಿಜ. ಸೈನ್ಯವೆಲ್ಲ ಅಳಿದು ಮೂವರೇ ಉಳಿದಿದ್ದರೂ ಒಡೆಯನನ್ನು ಬಿಟ್ಟು ಓಡಲಿಲ್ಲ. ಕೌರವ ನೆಲದ ಮೇಲೆ ಬಿದ್ದಿದ್ದಂತೆಯೇ ಒಂದು ಕಲಶ ನೀರು ತರಿಸಿ ಅವನಿಗೆ ಸೇನಾಪತಿಯ ಪಟ್ಟ ಕಟ್ಟಿಸಿದ. ದುಃಖಕ್ಕೂ ನಿಷ್ಠೆಗೂ ಕೈಗೆ ಅಧಿಕಾರ ಸಿಕ್ಕಿತು. ಇನ್ನು ವಿವೇಕಕ್ಕೆ ಜಾಗ ಎಲ್ಲಿ?

ಆ ರಾತ್ರಿ ಕಾಡಿನ ಆಲದ ಮರದಡಿಯಲ್ಲಿ ಸೋದರಮಾವ ಕೃಪಾಚಾರ್ಯ ಹೇಳಿದ ಮಾತು ಬಹಳ ಸರಳ: ಈಗ ಮಲಗು. ನಾಳೆ ಹೋಗಿ ಧೃತರಾಷ್ಟ್ರ, ಗಾಂಧಾರಿ, ವಿದುರರನ್ನು ಕೇಳೋಣ. ಅವರು ಹೇಳಿದ ಹಾಗೆ ಮಾಡೋಣ. ನಿದ್ದೆಯಲ್ಲಿದ್ದವರನ್ನು ಕೊಲ್ಲುವುದು ಧರ್ಮವಲ್ಲ. ಅಶ್ವತ್ಥಾಮನ ಉತ್ತರವೂ ಅಷ್ಟೇ ಸರಳ: ಉರಿಯುವವನಿಗೆ ನಿದ್ದೆ ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿಯನ್ನು ಗಮನಿಸಿ. ಬೇಡವೆಂದ ಕೃಪನೇ ರಥ ಹತ್ತಿ ಜೊತೆಗೆ ಹೋದ. ಪಾಂಡವರ ಪಾಳೆಯದ ಒಳಗೆ ಅಶ್ವತ್ಥಾಮ ಕೊಲ್ಲುತ್ತಿದ್ದಾಗ, ಬಾಗಿಲಲ್ಲಿ ನಿಂತು, ತಪ್ಪಿಸಿಕೊಂಡು ಓಡಿ ಬಂದವರನ್ನು, ಉಳಿದ ಮೂವರಲ್ಲಿ ಇನ್ನೊಬ್ಬನಾದ ಕೃತವರ್ಮನ ಜೊತೆ ಸೇರಿ ಅವನೂ ಕೊಂದ. ಪಾಳೆಯಕ್ಕೆ ಬೆಂಕಿ ಇಟ್ಟವರೂ ಅವರಿಬ್ಬರೇ. ಬಾಯಲ್ಲಿ ಬುದ್ಧಿ ಹೇಳಿ ಕಾಲಿನಲ್ಲಿ ಹಿಂಬಾಲಿಸುವ ಹಿರಿಯರು ಇಂದಿಗೂ ಇದ್ದಾರೆ. ಅಂಥವರ ಬುದ್ಧಿಮಾತಿಗೆ ಬೆಲೆಯಿಲ್ಲ. ಗೆಳೆಯನ ಬೈಕಿನ ಹಿಂದೆ ಸುಮ್ಮನೆ ಕೂತು ಹೋದೆ ಎನ್ನುವವನೂ ಇದೇ ಸಾಲಿನವನು.

ಸತ್ತವರು ಯಾರು? ಧೃಷ್ಟದ್ಯುಮ್ನ ಸತ್ತ, ಸರಿ. ಆದರೆ ಐವರು ಪಾಂಡವರು ಆ ರಾತ್ರಿ ಪಾಳೆಯದಲ್ಲೇ ಇರಲಿಲ್ಲ. ಸತ್ತವರು ದ್ರೌಪದಿಯ ಐವರು ಮಕ್ಕಳು: ಪ್ರತಿವಿಂಧ್ಯ, ಸುತಸೋಮ, ಶ್ರುತಕರ್ಮ, ಶತಾನೀಕ, ಶ್ರುತಸೇನ. ಕೊಂದವನ ಹೆಸರು ಎಲ್ಲರ ಬಾಯಲ್ಲಿದೆ. ಈ ಐದು ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಅಶ್ವತ್ಥಾಮನಿಗಾದರೂ ಏನು ಸಿಕ್ಕಿತು? ಹಣೆಯ ಮಣಿ ಹೋಯಿತು, ಮೂರು ಸಾವಿರ ವರ್ಷ ಒಬ್ಬಂಟಿಯಾಗಿ ಅಲೆಯುವ ಶಾಪ ಬಂತು. ಬಿ.ಎಂ.ಶ್ರೀಯವರು 1929ರಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಏಜಾಕ್ಸ್' ಜಾಡಿನಲ್ಲಿ ಬರೆದ 'ಅಶ್ವತ್ಥಾಮನ್' ರುದ್ರನಾಟಕದಲ್ಲಿ ಅವನು ತಾನೇ ಪ್ರಾಣ ಬಿಡುತ್ತಾನೆ. ಪುರಾಣ ಅವನನ್ನು ಬದುಕಿಸಿ ಶಿಕ್ಷಿಸಿತು, ನಾಟಕ ಸಾಯಿಸಿತು. ಗೆದ್ದ ಎಂದು ಯಾರೂ ಬರೆಯಲಿಲ್ಲ.

ಭಾಗವತ ಪುರಾಣದಲ್ಲಿ ಒಂದು ದೊಡ್ಡ ಮಾತಿದೆ. ಕಟ್ಟಿ ತಂದ ಅಶ್ವತ್ಥಾಮನನ್ನು ಕಂಡು ದ್ರೌಪದಿ, ಬಿಟ್ಟುಬಿಡಿ ಎನ್ನುತ್ತಾಳೆ. ಮಕ್ಕಳನ್ನು ಕಳೆದುಕೊಂಡು ನಾನು ಅಳುವಂತೆ ಇವನ ತಾಯಿ ಕೃಪಿ ಅಳಬಾರದು ಎನ್ನುತ್ತಾಳೆ. ಐದು ಹೆಣಗಳ ತಾಯಿ ಇದನ್ನು ಹೇಳಬಲ್ಲಳಾದರೆ, ಮೊಬೈಲಿನಲ್ಲಿ ಸುದ್ದಿ ಓದಿ ರಕ್ತ ಕುದಿಸಿಕೊಳ್ಳುವ ನಮಗೆ ಯಾಕಾಗದು?

ಇದು ದ್ವಾಪರದ ಮಾತಷ್ಟೇ ಅಲ್ಲ. 2022ರ ಜುಲೈಯಲ್ಲಿ ಹತ್ತೇ ದಿನಗಳೊಳಗೆ ನಮ್ಮ ಜಿಲ್ಲೆಯಲ್ಲಿ ಮೂವರು ಯುವಕರ ಮೇಲೆ ಒಬ್ಬರ ಹಿಂದೊಬ್ಬರಂತೆ ದಾಳಿಯಾಗಿ ಮೂವರೂ ತೀರಿಹೋದರು. ಅದರಲ್ಲಿ ಎರಡು ಘಟನೆ ನಮ್ಮ ಸುಳ್ಯ ತಾಲ್ಲೂಕಿನವು. ಭಾಷಣ ಮಾಡಿದವರು ಮನೆಗೆ ಹೋದರು. ಮೂವರು ತಾಯಂದಿರ ಮನೆಗೆ ಮಕ್ಕಳು ಬರಲಿಲ್ಲ. ಕೊಂದ ಆರೋಪ ಹೊತ್ತವರ ಮನೆಯಲ್ಲೂ ತಾಯಂದಿರಿದ್ದಾರೆ. ಅವರು ಜೈಲಿಗೂ ಕೋರ್ಟಿಗೂ ಅಲೆಯಬೇಕು.

ಹಾಗಾದರೆ ನಿಷ್ಠೆ ಬೇಡವೇ? ಬೇಕು. ಗೆಳೆಯ ಸತ್ತರೆ ಅವನ ಮನೆಗೆ ಹೋಗಿ. ಅವನ ಅಪ್ಪನ ಅಡಿಕೆ ತೋಟಕ್ಕೆ ಮದ್ದು ಬಿಡುವ ಕಾಲಕ್ಕೆ ಜನ ಸಿಗದಿದ್ದರೆ ನೀವು ನಿಂತು ಮಾಡಿಸಿ. ತಂಗಿಯ ಕಾಲೇಜು ಫೀಸು ಕಟ್ಟಿ. ಸಾಕ್ಷಿ ಗೊತ್ತಿದ್ದರೆ ಹೆದರದೆ ಕೋರ್ಟಿನಲ್ಲಿ ಹೇಳಿ. ಇದು ವರ್ಷಗಟ್ಟಲೆ ಮಾಡಬೇಕಾದ ಕೆಲಸ, ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಒಂದೇ ರಾತ್ರಿಯಲ್ಲಿ ತೀರಿಸುತ್ತೇನೆ ಎಂದು ಹೊರಟವನು ಗೆಳೆಯನ ಮನೆಗೂ ಒದಗುವುದಿಲ್ಲ, ತನ್ನ ಮನೆಗೂ ಒದಗುವುದಿಲ್ಲ.

ದುಃಖ ಬಂದಾಗ ಅಳಿ, ಗಂಡು ಮಕ್ಕಳೂ ಅಳಬಹುದು. ಸಿಟ್ಟು ಬಂದ ರಾತ್ರಿ ಫೋನು ಬದಿಗಿಟ್ಟು ಮನೆಯಲ್ಲೇ ಇರಿ. ಯಾರಾದರೂ ಬೈಕು ತಂದು ಕರೆದರೆ, ಬರುವುದಿಲ್ಲ ಎನ್ನಿ. ಸಾಧ್ಯವಾದರೆ ಅವನನ್ನೂ ಜಗಲಿಯಲ್ಲಿ ಕೂರಿಸಿಕೊಳ್ಳಿ. ಬೆಳಗಾದ ಮೇಲೆ ನಿಮ್ಮ ತಾಯಿಯನ್ನು ಒಂದು ಮಾತು ಕೇಳಿ, ಆಮೇಲೆ ಹೆಜ್ಜೆ ಇಡಿ.