ವೈದ್ಯಕೀಯ ಸಂಶೋಧನೆಯಲ್ಲಿ ರೋಗಿಯ ಪಾಲು ಮತ್ತು ಆಟದ ವಿಧಾನ

ಆಯುರ್ವೇದವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಯಲ್ಲಿಯೂ ನಾಲ್ಕು ಗುಣಗಳಿರಬೇಕೆಂಬುದು ಚರಕಸಂಹಿತೆಯ ಅಭಿಪ್ರಾಯ. ಅವು ಸ್ಮೃತಿ, ವೈದ್ಯರ ಸೂಚನೆಯಂತೆ ನಡೆಯುವಿಕೆ, ನಿರ್ಭಯತೆ ಹಾಗೂ ತನ್ನ ಬಾಧೆಯನ್ನು ಸರಿಯಾಗಿ ತಿಳಿಸುವ ಜ್ಞಾಪಕತ್ವ. ಇಂದಿನ ವೈದ್ಯಕೀಯ ಸಂಶೋಧನೆಯೂ ಈ ನಾಲ್ಕು ಗುಣಗಳ ಮೇಲೆಯೇ ನಿಂತಿದೆ. ರೋಗಿಯು ತಪ್ಪು ಲೆಕ್ಕ ಕೊಟ್ಟರೆ ಔಷಧದ ಗುಣದೋಷಗಳ ನಿರ್ಣಯವೂ ತಪ್ಪುತ್ತದೆ. ಅದರ ಫಲವನ್ನು ಮುಂದೆ ಸಾವಿರಾರು ಜನ ಉಣ್ಣಬೇಕಾಗುತ್ತದೆ.

ಈ ಮಾತಿಗೆ ಒಂದು ದೃಷ್ಟಾಂತವಿದೆ. ದೀರ್ಘಕಾಲದ ನೋವಿನಿಂದ ಬಳಲುವವರಿಗೆ ದಿನಕ್ಕೆ ಮೂರು ಬಾರಿ ನೋವಿನ ವಿವರ ಬರೆಯಲು ದಿನಚರಿಗಳನ್ನು ಕೊಟ್ಟು ನಡೆಸಿದ ಅಧ್ಯಯನವೊಂದು 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಹೊತ್ತಿಗೆ ಸರಿಯಾಗಿ ಬರೆದುದಾಗಿ ರೋಗಿಗಳು ತೋರಿಸಿದ ಪ್ರಮಾಣ ಶೇ. 90. ಆದರೆ ದಿನಚರಿಯ ಕಡತವನ್ನು ತೆರೆದ ಸಮಯವನ್ನು ಅದರೊಳಗೆ ಅಡಗಿಸಿದ್ದ ಬೆಳಕಿನ ಸಂವೇದಕವು ದಾಖಲಿಸುತ್ತಿತ್ತು. ಅದರ ಪ್ರಕಾರ ನಿಜವಾದ ಪ್ರಮಾಣ ಶೇ. 11 ಮಾತ್ರ. ಉಳಿದುದನ್ನು ಅವರು ಹೊತ್ತಿಗೆ ಸರಿಯಾಗಿ ಬರೆದಿರಲಿಲ್ಲ. ಇದನ್ನು ಕೇವಲ ವಂಚನೆಯೆಂದು ನಾವು ಭಾವಿಸಲಾಗದು. ಬೇಸರವೇ ಇದರ ಮೂಲ.

ಈ ಬೇಸರವನ್ನು ಕಳೆಯಲು ಸಂಶೋಧಕರು ಆಟದ ಅಂಶಗಳನ್ನು ಬಳಸತೊಡಗಿದ್ದಾರೆ. ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ‘ಪೇನ್ ಸ್ಕ್ವಾಡ್’ ಎಂಬ ಮೊಬೈಲ್ ಆ್ಯಪ್ ರೂಪುಗೊಂಡಿತು. ಅದರಲ್ಲಿ ಮಗುವು ಪೊಲೀಸ್ ಪಡೆಯ ಸದಸ್ಯ. ದಿನಕ್ಕೆ ಎರಡು ಬಾರಿ ನೋವಿನ ವರದಿ ಸಲ್ಲಿಸುತ್ತಾ ಹೋದರೆ ಪದೋನ್ನತಿ ದೊರೆಯುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಪದೋನ್ನತಿಯು ವರದಿ ಸಲ್ಲಿಸಿದುದಕ್ಕೇ ಹೊರತು ನೋವು ಕಡಿಮೆಯಾದುದಕ್ಕಲ್ಲ. ಆದುದರಿಂದ ಮಗುವಿಗೆ ಸುಳ್ಳು ಹೇಳುವ ಕಾರಣವೇ ಉಳಿಯುವುದಿಲ್ಲ.

ಎರಡನೆಯ ಉದಾಹರಣೆ ಅಮೆರಿಕದ್ದು. 1948ರಲ್ಲಿ ಆರಂಭವಾದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದಲ್ಲಿ ಪಾಲ್ಗೊಂಡಿದ್ದ ಕುಟುಂಬಗಳಿಂದ 200 ವಯಸ್ಕರನ್ನು ಆರಿಸಿ ನಡಿಗೆಯ ಪ್ರಯೋಗವೊಂದನ್ನು ನಡೆಸಲಾಯಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹೆಜ್ಜೆಗಳ ಗುರಿಯಿತ್ತು. ಅರ್ಧದಷ್ಟು ಕುಟುಂಬಗಳಿಗೆ ಆಟವೂ ಇತ್ತು. ಪ್ರತಿ ವಾರದ ಮೊದಲಿಗೇ ಕುಟುಂಬಕ್ಕೆ 70 ಅಂಕ. ದಿನವೂ ಒಬ್ಬ ಸದಸ್ಯನ ಹೆಸರನ್ನು ಚೀಟಿ ಎತ್ತಿದಂತೆ ಆರಿಸಿ, ಹಿಂದಿನ ದಿನ ಆತ ಗುರಿ ಮುಟ್ಟಿರದಿದ್ದರೆ 10 ಅಂಕ ಕಳೆಯುತ್ತಿದ್ದರು. ನಾಳೆ ಯಾರ ಸರದಿಯೋ ತಿಳಿಯದಾದ್ದರಿಂದ ಎಲ್ಲರೂ ನಡೆದರು. ಆಟವಾಡಿದವರು ಶೇ. 53ರಷ್ಟು ದಿನಗಳಲ್ಲಿ ಗುರಿ ಮುಟ್ಟಿದರೆ, ಉಳಿದವರು ಶೇ. 32ರಷ್ಟು ದಿನಗಳಲ್ಲಿ ಮಾತ್ರ ಮುಟ್ಟಿದರು. 12 ವಾರಗಳ ಆಟ ಮುಗಿದ ಮೇಲೆ ಮೊದಲಿನವರ ಪ್ರಮಾಣ ಶೇ. 44ಕ್ಕೆ ಇಳಿಯಿತು. ಆಟವು ಅಭ್ಯಾಸಕ್ಕೆ ಊರುಗೋಲೇ ಹೊರತು ಕಾಲಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ.

ಆಟಕ್ಕೆ ಮಿತಿಯೂ ಬೇಕು. ಅಂಕದ ಆಸೆಗೆ ರೋಗಿಯು ಅಡ್ಡಪರಿಣಾಮವನ್ನು ಮುಚ್ಚಿಟ್ಟರೆ ಜ್ಞಾಪಕತ್ವ ಕೆಡುತ್ತದೆ; ಮನೆಯವರ ಅಂಕ ಹೋದೀತೆಂದು ಮಂಡಿನೋವಿನಲ್ಲೂ ನಡೆದರೆ ದೇಹ ಕೆಡುತ್ತದೆ. ಯಾವ ಘಟ್ಟದಲ್ಲಿಯೂ ಸಂಶೋಧನೆಯಿಂದ ಹಿಂದೆ ಸರಿಯುವ ಹಕ್ಕು ಪಾಲ್ಗೊಂಡವರಿಗಿದೆ. ಹಾಗೆ ಸರಿದವರಿಗೆ ಚಿಕಿತ್ಸೆ ತಪ್ಪಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. 7 ವರ್ಷ ಮೀರಿದ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯೊಡನೆ ಮಗುವಿನ ಸಮ್ಮತಿಯೂ ಅಗತ್ಯ. ಆಟವೆಂಬ ಕಾರಣಕ್ಕೆ ಈ ನಿಯಮಗಳು ಸಡಿಲವಾಗಲಾರವು.

ಈ ಪಾಠವನ್ನು ನಮ್ಮ ಮನೆಗಳಲ್ಲಿಯೂ ಅನುಸರಿಸಬಹುದು. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ಅಂಕಿಯನ್ನು ಬರೆಯಿಸಿರಿ. ಬರೆದ ದಿನಕ್ಕೆಲ್ಲ ಮೊಮ್ಮಗುವಿನ ಕೈಯಿಂದ ಒಂದು ನಕ್ಷತ್ರ ಹಾಕಿಸಿರಿ. ಅಂಕಿ 110 ಇರಲಿ, 250 ಇರಲಿ, ನಕ್ಷತ್ರ ಒಂದೇ. ಹೆಚ್ಚು ಬಂದ ದಿನ ಗದರಿಸಿದರೆ ಮರುದಿನದ ಅಂಕಿ ಸುಳ್ಳಾದೀತು. ಆ ಹಾಳೆಯನ್ನು ಹಾಗೆಯೇ ವೈದ್ಯರ ಬಳಿಗೆ ಒಯ್ಯಿರಿ. ಔಷಧದ ಪ್ರಮಾಣವನ್ನು ಅವರೇ ನಿರ್ಧರಿಸಲಿ.