ಪಗಾರದವಳ ಸೂಜಿ

ರವಿಕೆ ಹೊಲಿಸಲು ಬಂದವರು ಅಳತೆ ಕೊಟ್ಟು, ಕೊರಳಿನ ಡಿಸೈನ್ ಮೊಬೈಲಿನಲ್ಲಿ ತೋರಿಸಿ, ಹಿಂದೆ ಗುಂಡಿಯೋ ಹುಕ್ಕೋ ಎಂಬುದನ್ನೂ ತೀರ್ಮಾನಿಸಿದ ಮೇಲೆ ರೇಟಿಗೆ ಬರುತ್ತಾರೆ. ಎಲ್ಲ ಟೇಲರ್‌ಗಳ ಜೊತೆಗೂ ಚೌಕಾಸಿ ಇದ್ದದ್ದೇ. ನನ್ನ ಜೊತೆಗಿನದು ಮಾತ್ರ ಬೇರೆ ಥರ: "ನಿಮಗೇನ್ರೀ, ತಿಂಗಳಾ ತಿಂಗಳಾ ಪಗಾರ ಬರ್ತದ. ಒಂದೈವತ್ತು ಬಿಟ್ಟು ಹೇಳ್ರಿ."

ಪಗಾರ ಬರುವುದು ನಿಜ. ಧಾರವಾಡದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಜೆ ಊಟವಾದ ಮೇಲೆ ಮಿಷನ್ ಮುಂದೆ ಕೂರುತ್ತೇನೆ, ರವಿವಾರ ಬೆಳಿಗ್ಗೆ ಕಸೂತಿ. ಆದರೆ ಹೊಲವಿದ್ದ ಡಾಕ್ಟರು ಹೊಲದಲ್ಲಿ ಜೋಳ ಬೆಳೆಯಿತೆಂದು ಹಲ್ಲು ಕೀಳುವ ಫೀ ಇಳಿಸುವುದಿಲ್ಲ. ಒಂದು ಕೆಲಸದ ಕೂಲಿಯನ್ನು ಇನ್ನೊಂದು ಕೆಲಸದ ಗಿರಾಕಿಗೆ ಏಕೆ ದಾನ ಮಾಡಬೇಕು? ಹೆಣ್ಣುಮಕ್ಕಳ ಸೂಜಿಗೆ ಮಾತ್ರ ಈ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ 'ಹವ್ಯಾಸ' ಎಂದು ಹೆಸರಿಟ್ಟುಬಿಟ್ಟರೆ ಅರ್ಧ ಹಣ ಅಲ್ಲೇ ಉಳಿಯುತ್ತದಲ್ಲ.

ಆ ಐವತ್ತು ರೂಪಾಯಿ ಬಿಡುವುದು ನನಗೆ ಕಷ್ಟವೇನಲ್ಲ. ಬಿಡದಿರಲು ಕಾರಣ ಹಿಂದಿನ ಓಣಿಯಲ್ಲಿದೆ. ಅಲ್ಲಿ ಒಬ್ಬ ಅಕ್ಕ ಎರಡು ಮಿಷನ್ ಇಟ್ಟುಕೊಂಡು ಮನೆ ನಡೆಸುತ್ತಾರೆ, ಮಕ್ಕಳ ಫೀ ಕಟ್ಟುತ್ತಾರೆ. ಅವರಿಗೆ ಸೂಜಿ ಬಿಟ್ಟರೆ ಬೇರೆ ವರಮಾನವಿಲ್ಲ. ನಾನು ರೇಟು ಇಳಿಸಿದರೆ ಅವರ ಗಿರಾಕಿಗಳು ನನ್ನತ್ತ ತಿರುಗುತ್ತಾರೆ. ಅಷ್ಟೂ ಜನರಿಗೆ ಹೊಲಿದು ಕೊಡಲು ನನಗೆ ಪುರಸೊತ್ತಿಲ್ಲ, ಆದರೂ "ಆಕಿ ಇಷ್ಟಕ್ಕ ಹೊಲೀತಾಳ" ಎಂಬ ಮಾತು ಓಣಿಯಲ್ಲಿ ಓಡಾಡುತ್ತದೆ. ಅವರು ಇಳಿಸಲೇಬೇಕಾಗುತ್ತದೆ. ಪಗಾರದವಳು ಕೊಡುವ ರಿಯಾಯಿತಿ ಕೊನೆಗೆ ಹೋಗುವುದು ಪಗಾರವಿಲ್ಲದವರ ಗಲ್ಲೆಯಿಂದ. ಹಾಗಾಗಿ ಲೈನಿಂಗ್ ರವಿಕೆಗೆ ಅವರದು 430 ಇದ್ದರೆ ನನ್ನದು 450. ಅವರು ಏರಿಸಿದ ದಿನ ನಾನೂ ಏರಿಸುತ್ತೇನೆ.

ಈಗ ಲೆಕ್ಕ. 450ರಲ್ಲಿ ಲೈನಿಂಗ್ ಬಟ್ಟೆ, ದಾರ, ಹುಕ್ಕು ಎಲ್ಲ ಸೇರಿ ನೂರು ಹೋಗುತ್ತದೆ. ಉಳಿದದ್ದು 350. ಕಟಿಂಗ್‌ನಿಂದ ಹಿಡಿದು ಕೈಹೊಲಿಗೆ ಮುಗಿಸಿ ಇಸ್ತ್ರಿ ಮಾಡುವವರೆಗೆ ನನಗೆ ಹೆಚ್ಚುಕಡಿಮೆ ಮೂರು ತಾಸು. ಅಂದರೆ ತಾಸಿಗೆ ಸುಮಾರು 115 ರೂಪಾಯಿ. ನನ್ನ ಇಡೀ ಹೊಲಿಗೆಯ ಹಣಕಾಸು ನಿಂತಿರುವುದು ಈ ಒಂದು ಅಂಕಿಯ ಮೇಲೆ. ಏಕೆಂದರೆ ಇದು ಕಸೂತಿಯ ಬೆಲೆಯನ್ನೂ ಹೇಳುತ್ತದೆ: ಅದೇ ತಾಸನ್ನು ಮಿಷನ್‌ಗೆ ಕೊಟ್ಟಿದ್ದರೆ ಬರುತ್ತಿದ್ದ ಹಣವಾದರೂ ಕಸೂತಿಯಿಂದ ಬರಬೇಕು.

ಕಸೂತಿ ಗೊತ್ತಿರುವವರಿಗೆ ಇಲ್ಲಿನ ಕಷ್ಟ ಆಗಲೇ ಹೊಳೆದಿರುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ನೇಯ್ಗೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಬ್ಬಿಸಬೇಕು. ಕಸೂತಿಯ ಹೊಲಿಗೆಗಳಲ್ಲಿ ಒಂದಾದ ಗಾವಂಟಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ವಾಪಸ್ ಬರುವಾಗ ಗೆರೆ ಕೂಡುವುದಿಲ್ಲ, ಬಿಚ್ಚಬೇಕು. ಮುರ್ಗಿಯೂ ಹೀಗೇ, ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ನಡೆಯುತ್ತದೆ ಅಷ್ಟೇ. ನೇಗಿ, ಮೆಂತೆ ಹೊಲಿಗೆಗಳು ಸ್ವಲ್ಪ ಬೇಗ ಸಾಗುತ್ತವೆ. ಆದರೆ ಯಾವುದನ್ನೂ ಮೋಟರ್ ಹಾಕಿ ಓಡಿಸಲಾಗದು. ಕಾಟನ್ ಸ್ಟೋಲ್ ಒಂದರ ಎರಡೂ ಅಂಚಿಗೆ ನಲವತ್ತು ತಾಸು ಹಿಡಿದರೆ ಕೂಲಿಯೇ 4,600 ರೂಪಾಯಿ. ಪೇಟೆಯಲ್ಲಿ ಕಂಪ್ಯೂಟರ್ ಕಸೂತಿಯ ದುಪಟ್ಟಾ ಕೆಲವು ನೂರಕ್ಕೆ ಸಿಗುತ್ತದೆ.

ಎರಡರ ವ್ಯತ್ಯಾಸ ತೋರಿಸಲು ನಾನು ಮಾತು ಖರ್ಚು ಮಾಡುವುದಿಲ್ಲ, ಬಟ್ಟೆ ಮಗುಚಿ ಕೊಡುತ್ತೇನೆ. ಕೈಯ ಗಾವಂಟಿ ಎರಡೂ ಬದಿಗೆ ಒಂದೇ ಥರ. ಮಿಷನ್‌ನದರ ಹಿಂಬದಿಯಲ್ಲಿ ಬಾಬಿನ್ ದಾರ ಕಾಣುತ್ತದೆ, ಕೆಲವೊಮ್ಮೆ ಹಿಂದೆ ಅಂಟಿಸಿದ ಕಾಗದವೂ ಉಳಿದಿರುತ್ತದೆ. ಕಸೂತಿಗೆ ಭೌಗೋಳಿಕ ಸೂಚಕ ಸಿಕ್ಕಿದೆ, ಅದು ಹೆಸರನ್ನು ಕಾಯಬಹುದು. ತಾಸಿನ ಕೂಲಿ ಕೇಳುವ ಕೆಲಸ ನಮ್ಮದೇ. ಕೇಳಿದ ಮೇಲೆ ಹತ್ತರಲ್ಲಿ ಎಂಟು ಜನ "ವಿಚಾರ ಮಾಡಿ ಹೇಳ್ತೀವ್ರಿ" ಎಂದು ಹೋಗುತ್ತಾರೆ. ಹೋಗಲಿ. ಉಳಿದವರಿಂದ ಅರ್ಧ ಹಣ ಮುಂಗಡ ತೆಗೆದುಕೊಳ್ಳುತ್ತೇನೆ. 'ಇಂಥ ದಿನಕ್ಕೇ ಬೇಕು' ಎಂಬ ಕರಾರು ಒಪ್ಪುವುದಿಲ್ಲ.

ಕರಾರು ಒಪ್ಪದಿರುವುದು ಗತ್ತಿನಿಂದಲ್ಲ. ಎಳೆ ಎಣಿಸಲು ಹಗಲ ಬೆಳಕು ಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ರಾತ್ರಿ ಟ್ಯೂಬ್‌ಲೈಟಿನಲ್ಲಿ ಕೂತು ನೋಡಿ, ಅರ್ಧ ತಾಸಿಗೆ ಹಣೆ ಸಿಡಿಯುತ್ತದೆ. ನೌಕರಿ ಇದ್ದವಳಿಗೆ ಹಗಲು ಸಿಗುವುದು ರವಿವಾರ, ಹಬ್ಬದ ರಜೆ. ಆದ್ದರಿಂದ ರಾತ್ರಿ ಮಿಷನ್‌ಗೆ, ಬೆಳಕು ಕಸೂತಿಗೆ. ಕನ್ನಡಕದ ಖರ್ಚನ್ನು ನಾನು ಹೊಲಿಗೆ ಖಾತೆಗೇ ಬರೆಯುತ್ತೇನೆ.

ಎರಡು ಕೆಲಸ ಇದ್ದವರು ಪಂಚಾಂಗ ಮತ್ತು ಆಫೀಸಿನ ಕ್ಯಾಲೆಂಡರ್ ಎರಡನ್ನೂ ಪಕ್ಕಪಕ್ಕ ತೂಗುಹಾಕಬೇಕು. ಮಾರ್ಚ್ ಬಂದರೆ ಕಾಲೇಜಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಹೊರಗೆ ಮದುವೆ ಸೀಸನ್ನಿನ ಬಟ್ಟೆಗಳ ರಾಶಿ. ಆಷಾಢದಲ್ಲಿ ಮಿಷನ್ ಸುಮ್ಮನಿರುತ್ತದೆ, ಆಗ ಆಫೀಸಿನಲ್ಲಿ ಅಡ್ಮಿಷನ್. ಶ್ರಾವಣ ಬಿದ್ದ ಕೂಡಲೇ ಪಂಚಮಿ, ವರಮಹಾಲಕ್ಷ್ಮಿ, ಗೌರಿ ಎಂದು ದೀಪಾವಳಿಯವರೆಗೆ ಬಿಡುವಿಲ್ಲ. ಇದಕ್ಕೆಲ್ಲ ಮೇಲೆ ಅಧಿಕ ಮಾಸ, ಸುಮಾರು 32-33 ತಿಂಗಳಿಗೊಮ್ಮೆ ಬರುವ ಅತಿಥಿ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು ಎರಡು ತಿಂಗಳು ಮದುವೆ ಬಟ್ಟೆಯೇ ಬರಲಿಲ್ಲ. 2026ರದು ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ, ಸರಿಯಾಗಿ ಮದುವೆಗಳ ಹೊಟ್ಟೆಯ ಮೇಲೆ. ಅಳಿಯನಿಗೆ 33 ಅನಾರಸದ ಬಾಗಿನ ಕೊಡುವವರಿಗೆ ಅದು ಹಬ್ಬ, ಟೇಲರ್‌ಗೆ ಬರ. ನನಗೆ ಪಗಾರವಿದೆ, ದಾಟುತ್ತೇನೆ. ಹೊಲಿಗೆಯೇ ಜೀವನವಾದವರು ಎರಡು ತಿಂಗಳ ಮನೆಖರ್ಚನ್ನು ಸೀಸನ್ನಿನಲ್ಲೇ ತೆಗೆದಿಡದಿದ್ದರೆ ಕೈಸಾಲಕ್ಕೆ ಹೋಗಬೇಕಾಗುತ್ತದೆ. ಅದರ ಬಡ್ಡಿ ಇಡೀ ಶ್ರಾವಣದ ದುಡಿಮೆಯನ್ನು ತಿನ್ನುತ್ತದೆ.

ಹಣವನ್ನು ಬೇರೆಬೇರೆ ಇಡುವುದು ಮೊದಲ ಕೆಲಸ. ಹೊಲಿಗೆಗೆ ಇನ್ನೊಂದು ಉಳಿತಾಯ ಖಾತೆ, ಅದರದ್ದೇ ಕ್ಯೂಆರ್ ಕೋಡ್. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಅಂಗಡಿಗಳಲ್ಲಿ 'ನೋ ಯುಪಿಐ' ಬೋರ್ಡು ಬಿದ್ದವು. ಹೊಲಿಗೆಯವರೂ ಬೆದರಿ ನಗದಿಗೆ ತಿರುಗಿದರು. ಬೆದರುವ ಅಗತ್ಯವಿರಲಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ, ಸರಕು ಮಾರಾಟಕ್ಕೆ 40 ಲಕ್ಷ. ಒಂದು ಮಿಷನ್‌ನಿಂದ ಅಷ್ಟು ವಹಿವಾಟು ಮಾಡುವವರು ಇದ್ದರೆ ನಾನೇ ಅವರ ಬಳಿ ಕಲಿಯಲು ಹೋಗುತ್ತೇನೆ. ಆದರೆ ಗಿರಾಕಿ ಪರವಾಗಿ ತಂದ ಲೇಸು, ಲೈನಿಂಗ್ ಹಣವೂ, ತಂಗಿ ವಾಪಸ್ ಕೊಟ್ಟ ಸಾಲವೂ ಒಂದೇ ಖಾತೆಗೆ ಬಿದ್ದರೆ ಯಾವುದು ದುಡಿಮೆ, ಯಾವುದಲ್ಲ ಎಂದು ನಮಗೇ ಗೊತ್ತಾಗುವುದಿಲ್ಲ.

ಪಗಾರದ ಜೊತೆ ಹೊಲಿಗೆಯ ವರಮಾನ ಇದ್ದವರು ಐಟಿಆರ್-1 ತುಂಬುವಂತಿಲ್ಲ, ಇದು ವ್ಯವಹಾರದ ಆದಾಯ. ಅಂದಾಜು ಲಾಭದ ಪದ್ಧತಿಯಲ್ಲಿ ಐಟಿಆರ್-4 ಸಾಕು: ಡಿಜಿಟಲ್ ಆಗಿ ಬಂದ ಹಣದಲ್ಲಿ ಕನಿಷ್ಠ ಶೇ 6, ನಗದಿನಲ್ಲಿ ಕನಿಷ್ಠ ಶೇ 8 ಲಾಭವೆಂದು ತೋರಿಸಬೇಕು. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಿ. ನೇಮಕಾತಿ ಆದೇಶದಲ್ಲಿ ಹೊರಗಿನ ದುಡಿಮೆಯ ಬಗ್ಗೆ ಷರತ್ತಿದೆಯೇ ಎಂದು ಓದಿಕೊಳ್ಳಿ. ಸರ್ಕಾರಿ ನೌಕರರಂತೂ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಕೈಹಾಕುವಂತಿಲ್ಲ.

ಅಕ್ಕನ ಕಡೆಯ ಭಯ ಬೇರೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿದರೆ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ನಿಲ್ಲುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಆ ಯೋಜನೆಯಿಂದ ಹೊರಗಿಡುವುದು ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿದ್ದರೆ. ಉದ್ಯಮ್ ಎಂಬುದು ಬೇರೆ, ಅದಕ್ಕೆ ಶುಲ್ಕವೂ ಇಲ್ಲ. ದುಡ್ಡು ಕೇಳುವ ವೆಬ್‌ಸೈಟು ಸರ್ಕಾರದ್ದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಇದೆ: ಸಲಕರಣೆಗೆ 15,000, ಮೊದಲ ಕಂತಿನಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಸರ್ಕಾರಿ ನೌಕರರ ಮನೆಯವರಿಗೆ ಅದು ಸಿಗದು. ನನ್ನದು ಖಾಸಗಿ ನೌಕರಿ. ಆದರೂ ಅರ್ಜಿ ಹಾಕುವ ಯೋಚನೆ ಮಾಡಲಿಲ್ಲ, ಸ್ವಂತ ಕಸುಬಿನ ಮೇಲೆ ನಿಂತವರಿಗೆಂದು ಮಾಡಿದ ಸಾಲಿನಲ್ಲಿ ಪಗಾರದವಳು ನಿಲ್ಲುವುದು ಚೆನ್ನಲ್ಲ. ಫಾರ್ಮು ತುಂಬಲು ಅಕ್ಕನ ಜೊತೆ ಹೋದೆ.

ಉಳಿತಾಯದಲ್ಲಿ ಒಂದೇ ಮಾತು. ಪಗಾರದಿಂದ ಪೋಸ್ಟಾಫೀಸಿನ ಆರ್‌ಡಿ ಕಟ್ಟಬಹುದು, ತಿಂಗಳಿಗಿಷ್ಟು ಎಂಬುದು ಅದಕ್ಕೆ ಒಗ್ಗುತ್ತದೆ. ಹೊಲಿಗೆಯ ಹಣಕ್ಕೆ ಆರ್‌ಡಿ ಬೇಡ, ಆಷಾಢದಲ್ಲಿ ಕಂತು ತಪ್ಪಿ ದಂಡ ಬೀಳುತ್ತದೆ. ಪಿಪಿಎಫ್‌ಗೆ ವರ್ಷಕ್ಕೆ 500 ಹಾಕಿದರೂ ಖಾತೆ ಉಸಿರಾಡುತ್ತದೆ, ಸೀಸನ್ ಚೆನ್ನಾಗಿದ್ದರೆ ಒಂದೂವರೆ ಲಕ್ಷದವರೆಗೂ ಹಾಕಬಹುದು. ಹದಿನೈದು ವರ್ಷ ಕೈಗೆ ಸುಲಭವಾಗಿ ಸಿಗದಿರುವುದನ್ನು ನಾನು ಅನುಕೂಲವೆಂದೇ ತಿಳಿಯುತ್ತೇನೆ.

ನೌಕರಿ ಬಿಟ್ಟು ಇದನ್ನೇ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮದುವೆ ತಿಂಗಳುಗಳಲ್ಲಿ ಮಿಷನ್ ಹಣ ಪಗಾರದ ಹತ್ತಿರ ಬರುತ್ತದೆ, ನಿಜ. ಆದರೆ ನೌಕರಿ ಬಿಟ್ಟ ಮರುತಿಂಗಳು ಏನಾಗುತ್ತದೆಂದು ನನಗೆ ಗೊತ್ತು. ಪಗಾರದ ಜಾಗ ತುಂಬಲು ಹಗಲೂ ಮಿಷನ್ ತುಳಿಯಬೇಕು, ಪಿಎಫ್ ಜಾಗ ತುಂಬಲು ಇನ್ನೂ ಎರಡು ರವಿಕೆ. ಮೊದಲು ಹೋಗುವುದು ಕಸೂತಿ. ಕಾಲೇಜಿನ ರಸೀದಿ ಪುಸ್ತಕಗಳೇ ನನ್ನ ರವಿವಾರದ ಬೆಳಕನ್ನು ಕೊಂಡುಕೊಡುತ್ತಿವೆ. ಕಸೂತಿಗೆ ಸಮಯವಿಲ್ಲದಂತೆ ಮಾಡುವ ನೌಕರಿ ಎಂದು ಬೈಯುವವರು ಇದನ್ನು ಒಮ್ಮೆ ಕೂಡಿ ಕಳೆದು ನೋಡಬೇಕು.

ಅಕ್ಕನನ್ನು ನೋಡಿದರೆ ಸಾಕು. ಅಜ್ಜಿಯಿಂದ ಕಲಿತ ಕಸೂತಿ ಅವರ ಕೈಯಲ್ಲಿ ನನಗಿಂತ ಚೊಕ್ಕ, ಆದರೆ ಮಾಡುವುದನ್ನು ಎಂದೋ ಬಿಟ್ಟಿದ್ದಾರೆ. ಇತ್ತೀಚೆಗೆ ಬೆಂಗಳೂರಿನ ಗಿರಾಕಿಯೊಬ್ಬರು ಇಳಕಲ್ ಸೀರೆಯ ಸೆರಗಿಗೆ ತೇರು, ಗೋಪುರ ಎರಡೂ ಬೇಕೆಂದರು. ನನ್ನ ರವಿವಾರಗಳು ತುಂಬಿದ್ದವು. ಸೀರೆ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ, ನನ್ನ ತಾಸಿನ ರೇಟು ಹೇಳಿದೆ. ಅವರು ನಕ್ಕರು. ನನಗೆ ಮೂರು ತಾಸು ಹಿಡಿಯುವ ರವಿಕೆಯನ್ನು ಅವರು ಎರಡರಲ್ಲಿ ಮುಗಿಸುತ್ತಾರೆ.

"ಮಿಷನ್ ಮ್ಯಾಲ ನನಗ ತಾಸಿಗೆ ನೂರಾ ಅರವತ್ತು ಬೀಳ್ತದವಾ. ಕಣ್ಣು ಕೆಡಿಸ್ಕೊಂಡು ಅದಕ್ಕಿಂತ ಕಡಿಮಿಗೆ ಯಾಕ ಕೂಡ್ಲಿ?"

ಕೂಡಬಾರದು. ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಮಾಡಿ ಹೊಸ ಬೆಲೆ ಹೇಳಿದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ತೇರು ಬೇಡ, ಗೋಪುರವೊಂದೇ ಇರಲಿ ಎಂದರು. ಮುಂಗಡ ಅಕ್ಕನ ಖಾತೆಗೆ ಹೋಯಿತು.